ತಾಯಪ್ಪ ಹೇಳದ ಸಾಲು

೭ ಜನವರಿ ೧೯೭೯, ರವಿವಾರ. ಯೆರವಡಾ, ಪುಣೆ

ಈ ಡೈರಿ ಆಫೀಸಿನದು. ನಮ್ಮ ಲಾರಿ ಕಂಪನಿಯವರು ಪ್ರತಿ ವರ್ಷ ದೊಡ್ಡ ಗಿರಾಕಿಗಳಿಗೆ ಹಂಚುತ್ತಾರೆ. ಹಂಚಿ ಮಿಕ್ಕಿದ್ದು, ಅದೂ ರಟ್ಟಿನ ಮೂಲೆ ಮುರಿದದ್ದು, ಸರಕಿನ ಬಿಲ್ಟಿ ಬರೆಯುವ ಗುಮಾಸ್ತ ಈರಣ್ಣನಿಗೆ, ಎಂದರೆ ನನಗೆ. ಮೊದಲ ಆರು ಹಾಳೆ ಖಾಲಿ ಬಿಟ್ಟಿದ್ದೇನೆ. ಆರು ದಿನ ಏನೂ ನಡೆಯಲಿಲ್ಲ.

ಇವತ್ತು ಮಾತ್ರ ಇಲ್ಲದ ಉಸಾಬರಿ ಹಚ್ಚಿಕೊಂಡು ಬಂದೆ. ಕನ್ನಡಿಗರ ಕೂಟದ ಸಭೆ ಇತ್ತು. ಸಭೆ ಎಂದರೆ ಹನ್ನೊಂದು ಜನ, ಒಂದು ಜಮಖಾನೆ, ಒಗ್ಗರಣೆ ಅವಲಕ್ಕಿ. ಯುಗಾದಿಗೆ ಕೈಬರಹದ ಪತ್ರಿಕೆ ತರುತ್ತಾರಂತೆ. ಒಂದೇ ಪ್ರತಿ, ಚೀಲದಲ್ಲಿ ಹಾಕಿ ಮನೆಯಿಂದ ಮನೆಗೆ ದಾಟಿಸುವುದು. ಕಥೆ ಯಾರು ಬರೆಯುತ್ತೀರಿ ಎಂದು ಹಣಮಂತ್ರಾಯ ಮಾಸ್ತರರು ಕೇಳಿದ್ದೇ ತಡ, ನನ್ನ ಕೈ ಮೇಲೆ ಹೋಯಿತು. ಮೂವತ್ತೆಂಟು ವರ್ಷದ ಕತ್ತೆ, ಶಾಲೆಯ ಹುಡುಗರಂತೆ ಕೈ ಎತ್ತಿದೆ. ತಿಂಗಳುಗಟ್ಟಲೆ ಆದ ಮೇಲೆ ಎರಡು ತಾಸು ಕನ್ನಡ ಮಾತಾಡಿದ್ದಕ್ಕೆ ತಲೆ ತಿರುಗಿರಬೇಕು.

೧೧ ಜನವರಿ

“ಒಂದು ಊರಿನಲ್ಲಿ” ಎಂದು ಬರೆದೆ. ಹೊಡೆದು ಹಾಕಿದೆ. ಚಹಾ ಮಾಡಿಕೊಂಡೆ. “ಒಂದಾನೊಂದು ಊರಿನಲ್ಲಿ” ಎಂದು ಬರೆದೆ. ಮಲಗಿದೆ.

೧೪ ಜನವರಿ, ರವಿವಾರ, ಸಂಕ್ರಾಂತಿ

ಮಗ್ಗುಲ ಖೋಲಿಯ ಭಾಮಾಬಾಯಿ ಎಳ್ಳುಂಡೆ ಕೊಟ್ಟಳು. ಕೊಡುತ್ತ ಮರಾಠಿಯಲ್ಲಿ, “ವಹಿನಿ ಯಾವಾಗ ಬರುತ್ತಾಳೆ?” ಎಂದಳು. ವಹಿನಿ ಎಂದರೆ ಅತ್ತಿಗೆ. ಎರಡು ವರ್ಷದಿಂದ ಹಬ್ಬಕ್ಕೊಮ್ಮೆ ಕೇಳುತ್ತಾಳೆ. ನಾನೂ ಎರಡು ವರ್ಷದಿಂದ “ಮುಂದಿನ ತಿಂಗಳು” ಎನ್ನುತ್ತೇನೆ. ಅವಳಿಗೂ ಗೊತ್ತು, ನನಗೂ ಗೊತ್ತು.

ನನ್ನ ಹೆಂಡತಿ ಸಾವಂತ್ರಿ ಬಾಣಂತನಕ್ಕೆಂದು ಬಾಗಲಕೋಟೆಗೆ, ತವರಿಗೆ, ಹೋದವಳು. ಕೂಸು ಒಂಬತ್ತನೆಯ ದಿನ ತೀರಿಕೊಂಡಿತು. ನಮ್ಮಲ್ಲಿ ಬಾಣಂತಿಯನ್ನು ಗಂಡನ ಮನೆಯವರು ಹೋಗಿ ಕರೆದುಕೊಂಡು ಬರಬೇಕು. ಕರೆಯದೆ ಹೆಣ್ಣುಮಗಳು ತಾನಾಗಿ ಬರುವುದಿಲ್ಲ. ಗಂಡನ ಮನೆಯವರೆಂದರೆ ನಾನೊಬ್ಬನೇ. ನಾನು ಹೋಗಲಿಲ್ಲ, ಅವಳು ಬರಲಿಲ್ಲ. ಒಂದು ಕಾಗದವನ್ನಾದರೂ ಬರೆಯಬಹುದಿತ್ತು, ಅವಳು ನಾಲ್ಕನೇ ಇಯತ್ತೆ ಓದಿದ್ದಾಳೆ. ನಾನು ಹನ್ನೊಂದನೆಯದು ಓದಿದ್ದೇನೆ ಎನ್ನುವುದೂ ನಿಜ.

ಇದರಲ್ಲಿ ಬರೆಯುವಂಥದ್ದು ಏನೂ ಇಲ್ಲ.

೧೮ ಜನವರಿ

ಆಫೀಸು ಬಿಟ್ಟ ಮೇಲೆ ಮಾಸ್ತರರ ಮನೆಗೆ ಹೋದೆ. “ಕಥಿ ಬರವೊಲ್ಲದ್ರಿ ಮಾಸ್ತರ. ಬಿಟ್ಟಬಿಡ್ರಿ ನನ್ನ” ಎಂದೆ.

“ಕಥಿ ಬರೀತೀನಿ ಅಂತ ಕೂತ್ರ ಯಾರಿಗೂ ಬರೂದಿಲ್ಲ. ನಾ ಕೇಳಿದ್ದಕ್ಕ ಉತ್ತರಾ ಬರಿ, ಸಾಕು. ಸಾಲ್ಯಾಗ ನಿಬಂಧ ಹಿಂಗ ಬರಸ್ತಿದ್ದೆ” ಎಂದರು.

ಯಾರದೋ ಲಗ್ನಪತ್ರಿಕೆಯ ಬೆನ್ನಿಗೆ ಐದು ಪ್ರಶ್ನೆ ಬರೆದು ಕೊಟ್ಟರು. ನಿನ್ನ ಕಿಡಕಿಯಿಂದ ಏನು ಕಾಣುತ್ತದೆ? ದಿನಾ ಕೈಗೆ ಹತ್ತುವ ಒಂದು ಸಾಮಾನು ಯಾವುದು? ಬೆಳಗ್ಗೆ ಎದ್ದ ಕೂಡಲೇ ಯಾರು ನೆನಪಾಗುತ್ತಾರೆ? ಈಚೆಗೆ ಹೇಳಿದ ಸುಳ್ಳು ಯಾವುದು? ಹೇಳಬೇಕೆಂದು ಹೇಳದೆ ಬಿಟ್ಟ ಮಾತು ಯಾವುದು? ನಲವತ್ತು ವರ್ಷ ಹುಡುಗರಿಗೆ ಕಲಿಸಿದ ಮನುಷ್ಯ, ನನ್ನನ್ನೂ ಬೆಂಚಿನ ಮೇಲೆ ಕೂರಿಸಿದ.

೨೧ ಜನವರಿ, ರವಿವಾರ

ಉತ್ತರಗಳು.

ಕಿಡಕಿ: ತೆರೆಯುವುದಿಲ್ಲ. ಮಾಲಕ ಬಣ್ಣ ಬಳಿಸುವಾಗ ಚೌಕಟ್ಟಿಗೆ ಅಂಟಿಕೊಂಡು ಕೂತಿದೆ. ಕಾಣುವುದು ಹಸಿರು ಬಣ್ಣ.

ಸಾಮಾನು: ತಾಟು. ಸ್ಟೀಲಿನದು. ಒಂದು. ಉಂಡು, ತೊಳೆದು, ಗೋಡೆಯ ಹಲಗೆಯ ಮೇಲೆ ಮಗುಚಿ ಇಡುತ್ತೇನೆ.

ನೆನಪು: ನಳದ ನೀರು ಹೋಗುತ್ತದೆ ಎನ್ನುವುದೇ ನೆನಪಾಗುತ್ತದೆ.

ನಾಲ್ಕು, ಐದು ಬಿಟ್ಟಿದ್ದೇನೆ. ಇವೆಲ್ಲ ಹುಡುಗರಿಗೆ ಸರಿ.

ನೀರು ತುಂಬುವಾಗ ಒಬ್ಬ ಬಂದು ನಿಂತ. ರಸ್ತೆಯಾಚೆ ಹೊಸ ಗೋದಾಮು ಕಟ್ಟುತ್ತಿದ್ದಾರಲ್ಲ, ಅಲ್ಲಿಯ ಗೌಂಡಿ, ತಾಯಪ್ಪ ಎಂದು. ಯಾದಗಿರಿ ಕಡೆಯವನು. ನಾನು ಕೊಡ ಜಾರಿದ್ದಕ್ಕೆ ಕನ್ನಡದಲ್ಲಿ ಬೈದದ್ದು ಕೇಳಿಸಿತಂತೆ. “ಯಣ್ಣಾ, ಬರೀಲಿಕ್ಕೂ ಬರತೈತೇನ್ರಿ ನಿಮಗ? ನಮ್ಮ ಮಂದ್ಯಾಗ ಯಾರಿಗೂ ಬರಲ್ರಿ” ಎಂದ. ಬರುತ್ತದೆ ಎಂದೆ. ಕಥೆ ಬಿಟ್ಟು ಬೇರೆ ಎಲ್ಲ ಬರುತ್ತದೆ ಎಂದು ಹೇಳಲಿಲ್ಲ.

೨೮ ಜನವರಿ, ರವಿವಾರ

ತಾಯಪ್ಪ ಒಬ್ಬನೇ ಬರಲಿಲ್ಲ. ಜೊತೆಗೆ ಇನ್ನೂ ನಾಲ್ವರು, ಅವರಲ್ಲಿ ಒಬ್ಬಳು ವಯಸ್ಸಾದ ಹೆಂಗಸು. ಎಲ್ಲರ ಕೈಯಲ್ಲೂ ಇನ್‌ಲ್ಯಾಂಡ್ ಕಾಗದ. ಹೊಸ್ತಿಲಿನ ಹೊರಗೆ ಸಾಲಾಗಿ ಕೂತರು. ಭಾಮಾಬಾಯಿ ಬಾಗಿಲಿಗೆ ಬಂದು ನೋಡಿ ಹೋದಳು.

“ಏನ ಬರೀಲಿ?” ಎಂದು ತಾಯಪ್ಪನಿಗೆ ಕೇಳಿದೆ.

“ಎಲ್ಲಾ ಆರಾಮ ಅಂತ ಬರೀರಿ.”

“ಮುಂದ?”

“ಎಮ್ಮಿ ಹುಷಾರಿ ನೋಡಕೋ ಅಂತ ಬರೀರಿ.”

“ಮುಂದ?”

ತಲೆ ಕೆರೆದುಕೊಂಡ. ಅಷ್ಟೇ. ಕಾಗದದಲ್ಲಿ ಎರಡು ಸಾಲು, ಉಳಿದದ್ದು ಬಯಲು. ನಾಲ್ವರದೂ ಅದೇ ಹಾಡು. ಹೆಂಡತಿಯನ್ನು ಬಿಟ್ಟು ಎರಡು ವರ್ಷವಾದ ಮನುಷ್ಯನಿಗೆ ಎಮ್ಮೆ ಒಂದೇ ನೆನಪಾಗುತ್ತದೆಯೇ ಎಂದು ಸಿಟ್ಟು ಬಂತು.

ಆ ಹೆಂಗಸಿನ ಸರದಿ ಬಂದಾಗ, ಚೇಷ್ಟೆಗೆಂದೇ ಮಾಸ್ತರರ ಮೂರನೆಯ ಪ್ರಶ್ನೆ ಕೇಳಿದೆ. “ಬೆಳಿಗ್ಗೆ ಎದ್ದ ಕೂಡ್ಲೆ ಯಾರ ನೆನಪಾಕ್ಕತಿ, ಯವ್ವಾ?”

ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡಳು. ಆಮೇಲೆ, “ಶೆಡ್ಡಿನ್ಯಾಗ ರೊಟ್ಟಿ ಬಡಿಯೂ ಸಪ್ಪಳ ಆಗತೈತ್ರಿ. ಕಣ್ಣ ಮುಚ್ಚಿದ್ದಾಗ ನಮ್ಮಕ್ಕನ ಬಡಿಯಾಕತ್ಯಾಳ ಅನಸತೈತಿ. ಕಣ್ಣ ತಗದ್ರ ಬ್ಯಾರೆ ಯಾರೋ. ಅದಕ್ಕ ಜರಾ ಹೊತ್ತು ಕಣ್ಣ ತಗ್ಯಾಂಗಿಲ್ರಿ” ಎಂದಳು.

ಹಾಗೇ ಬರೆದೆ. ಒಂದು ಅಕ್ಷರವನ್ನೂ ತಿದ್ದಲಿಲ್ಲ. ಕಾಗದದ ಮೂರೂ ಮಡಿಕೆ ತುಂಬಿತು. ಓದಿ ಹೇಳಿದಾಗ ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಮಾಸ್ತರರ ಚೀಟಿಯನ್ನು ಗೋಡೆಗೆ ಅನ್ನದಿಂದ ಅಂಟಿಸಿದ್ದೇನೆ.

೪ ಫೆಬ್ರುವರಿ, ರವಿವಾರ

ಒಂಬತ್ತು ಜನ. ಈ ಮಂದಿಯ ಹೊಟ್ಟೆಯಲ್ಲಿ ಇಷ್ಟೊಂದು ಇತ್ತೇ! ಒಬ್ಬನಿಗೆ, ದಿನಾ ಕೈಗೆ ಹತ್ತುವ ಸಾಮಾನು ಯಾವುದು ಎಂದೆ. ಗಾರೆ ಬಳಿಯುವ ಥಾಪಿ ಎಂದ. ಅದರ ಹಿಡಿಕೆ ಅವರಪ್ಪ ಕೆತ್ತಿದ್ದಂತೆ; ಅಪ್ಪನಿಗೆ ಹಾಗೆಂದು ಬರೆಯಿರಿ ಎಂದ. ಅವ್ವಣ್ಣ ಎಂಬ ಮುದುಕ ನಾಲ್ಕನೆಯ ಪ್ರಶ್ನೆಗೆ ಎಷ್ಟು ಸುಳ್ಳು ಒಪ್ಪಿಕೊಂಡನೆಂದರೆ ಇನ್ನೊಂದು ಕಾಗದ ತರಿಸಬೇಕಾಯಿತು.

ಬರೆದದ್ದನ್ನು ಓದಿ ಹೇಳಿ, “ಹೌದೇನಪಾ?” ಎಂದು ಕೇಳಿದ ಮೇಲೆಯೇ ಅಂಟಿಸುವುದು. ಅದು ನಾವೇ ಮಾಡಿಕೊಂಡ ಪದ್ಧತಿ.

ತಾಯಪ್ಪನೊಬ್ಬನೇ ಕಲ್ಲು. ಯಾವ ಪ್ರಶ್ನೆಗೂ “ಏನಿಲ್ಲ ಬಿಡ್ರಿ” ಎನ್ನುತ್ತಾನೆ. ನನ್ನ ಕಥೆಯೂ ಹಾಗೆಯೇ ಇದೆ.

೧೧ ಫೆಬ್ರುವರಿ, ರವಿವಾರ

ತಾಯಪ್ಪನ ಕಾಗದ: ಎಲ್ಲಾ ಆರಾಮ. ಎಮ್ಮೆಗೆ ಹಿಂಡಿ ಹಾಕು. ಮುಂದೆ ಬಯಲು. ನೋಡಿ ನೋಡಿ ತಡೆಯಲಾಗಲಿಲ್ಲ. ಅವನು ಬೀಡಿ ಹಚ್ಚಲು ಹೊರಗೆ ಹೋದಾಗ ಎರಡು ಸಾಲು ಸೇರಿಸಿದೆ. ಓದಿ ಹೇಳುವಾಗ ಆ ಎರಡನ್ನು ಬಿಟ್ಟು ಓದಿದೆ. ಅವನು “ಹೌದ್ರಿ” ಎಂದ. ಅಂಟಿಸಿದೆ.

ಸೇರಿಸಿದ್ದು ಇಷ್ಟೇ: “ಖೋಲ್ಯಾಗ ಒಂದ ತಾಟ ತೊಳದು ಮಗುಚಿ ಇಟ್ಟು ಸಾಕಾಗೇದ. ನೀ ಬಾ.”

ಒಳ್ಳೆಯ ಸಾಲು. ಎಲ್ಲಿಂದ ಹೊಳೆಯಿತೋ ಗೊತ್ತಿಲ್ಲ. ಕಥೆಗೆ ಬರಲಿ ಎಂದರೆ ಬರುವುದಿಲ್ಲ, ಕಂಡವರ ಕಾಗದಕ್ಕೆ ಬರುತ್ತದೆ.

೧೩ ಫೆಬ್ರುವರಿ

ಅಂಚೆ ಪೆಟ್ಟಿಗೆಯ ಮುಂದೆ ಹಾದುಹೋಗುವಾಗ ಆ ಕಾಗದ ನೆನಪಾಯಿತು. ಈಗಾಗಲೇ ಸೊಲ್ಲಾಪುರ ದಾಟಿರಬೇಕು. ಏನಾಗುತ್ತದೆ? ಹೆಣ್ಣುಮಗಳು ಓದಿಸಿ ಕೇಳಿ ಒಂದು ದಿನ ಖುಷಿಯಾಗಿರುತ್ತಾಳೆ, ಅಷ್ಟೇ.

೪ ಮಾರ್ಚ್, ರವಿವಾರ

ಅವಳು ಬಂದಿದ್ದಾಳೆ.

ಹತ್ತು ಗಂಟೆಗೆ ತಾಯಪ್ಪ ಬಾಗಿಲಿಗೆ ಬಂದ. ಹಿಂದೆ ಗಂಟು ಹೊತ್ತ ಹೆಂಗಸು, ಗಟ್ಟಿ ಆಳು, ದಾರಿಯ ಧೂಳು ಇನ್ನೂ ಮೈಮೇಲಿತ್ತು. ಹೆಸರು ಸಾಬವ್ವ. ಎಮ್ಮೆಯನ್ನು ಭಾವನ ಮನೆಯಲ್ಲಿ ಕಟ್ಟಿ, ಪುಣೆಗೆ ಬರುವ ಕೂಲಿಯವರ ಜೊತೆ ಗಾಡಿ ಹತ್ತಿ ಬಂದಿದ್ದಾಳೆ.

“ಯಣ್ಣಾ, ಈ ಕಾಗದ ಇನ್ನೊಮ್ಮಿ ಓದ್ರಿ” ಎಂದ ತಾಯಪ್ಪ. ಓದಿದೆ. ಮತ್ತೆ ಆ ಎರಡು ಸಾಲು ಬಿಟ್ಟೇ ಓದಿದೆ.

“ಕಡೀದು ಬಿಟ್ರಿ” ಎಂದಳು ಸಾಬವ್ವ. ಊರಿನಲ್ಲಿ ಟಪಾಲಿನವನಿಂದ ನಾಲ್ಕು ಸಲ ಓದಿಸಿದ್ದಾಳೆ. ತಾಟು, ಮಗುಚಿ ಇಡುವುದು, ನೀ ಬಾ, ಎಲ್ಲ ಬಾಯಿಪಾಠ ಒಪ್ಪಿಸಿದಳು. ತಾಯಪ್ಪ ನನ್ನ ಮುಖ ನೋಡಿದ.

ಆಗ ನಾನು ಹೇಳಿದ್ದನ್ನು ಬರೆದಿಡಬೇಕು. “ನೀನ ಹೇಳಿದ್ಯಲ್ಲೋ ತಾಯಪ್ಪ. ಮರತೀ ಏನು?” ಎಂದೆ.

ಅವನು ಹೆಂಡತಿಯನ್ನೊಮ್ಮೆ ನೋಡಿದ. “ಅಂದಿರಬೇಕು ಬಿಡ್ರಿ” ಎಂದ. ಅವನು ಇನ್ನೇನು ಹೇಳಬೇಕಿತ್ತು? ಎರಡು ದಿನ ಪ್ರಯಾಣ ಮಾಡಿ ಬಂದವಳ ಮುಂದೆ, ನಾನು ನಿನ್ನನ್ನು ಕರೆದೇ ಇಲ್ಲ ಎನ್ನಲಿಕ್ಕೆ ಬರುತ್ತದೆಯೇ?

ಅವನ ತಗಡಿನ ಶೆಡ್ಡಿನಲ್ಲಿ ಎಂಟು ಗಂಡಸರು. ಅವಳನ್ನು ಎಲ್ಲಿ ಇಡುವುದು? ನನ್ನ ಖೋಲಿಯ ಕೀಲಿ ಕೊಟ್ಟು ಆಫೀಸಿಗೆ ಬಂದಿದ್ದೇನೆ. ಬೇರೆ ಜಾಗ ಆಗುವವರೆಗೂ ಇರಿ, ನನಗೆ ಇಲ್ಲಿ ಕೆಲಸ ಇದೆ ಎಂದೆ. ಕೆಲಸ ಇಲ್ಲ. ಲಾರಿಗೆ ಹೇರಬೇಕಾದ ಅರಿವೆಯ ಗಂಟುಗಳ ನಡುವೆ ಕೂತಿದ್ದೇನೆ. ಸುಳ್ಳಿನ ಆ ನಾಲ್ಕನೆಯ ಪ್ರಶ್ನೆಗೆ ಇವತ್ತು ಎರಡು ಉತ್ತರ ಸಿಕ್ಕವು. ನಾಚಿಕೆ ಆಗುತ್ತಿದೆ.

೮ ಮಾರ್ಚ್, ಗುರುವಾರ

ಕೂಲಿಯವರ ಮುಕಾದಮನಿಗೆ ಒಬ್ಬಂಟಿ ಆಳಿಗಿಂತ ಗಂಡ-ಹೆಂಡತಿ ಜೋಡಿಯೇ ಬೇಕಂತೆ. ಸಾಬವ್ವ ಬುಟ್ಟಿ ಹೊರುತ್ತೇನೆಂದ ಕೂಡಲೇ ಬೇರೆ ತಗಡಿನ ಶೆಡ್ಡು ಕೊಡಿಸಿದ. ನಿನ್ನೆ ಅಲ್ಲಿಗೆ ಹೋದರು.

ಸಂಜೆ ಖೋಲಿಗೆ ಬಂದರೆ ಒಳಗೆ ಬೆಳಕು. ತಪ್ಪಿ ಬೇರೆ ಖೋಲಿಗೆ ಬಂದೆನೋ ಎಂದುಕೊಂಡೆ. ಕಿಡಕಿ ತೆರೆದಿದೆ! ಸಾಬವ್ವ ತಾಯಪ್ಪನ ಥಾಪಿಯಿಂದ ಬಣ್ಣ ಕೆರೆದು ತೆಗೆದಿದ್ದಾಳೆ. ಚೌಕಟ್ಟಿಗೆ ಗಾಯವಾಗಿದೆ, ಮಾಲಕ ಬೈಯುತ್ತಾನೆ, ಬೈಯಲಿ. ಬೇವಿನ ಮರ ಇದೆಯಲ್ಲ ಆಚೆ, ಅದರಲ್ಲಿ ಹೊಸ ಎಲೆ ಬಂದಿದೆ, ಕೆಂಪು ಬಣ್ಣದ್ದು. ಅದರ ಕೆಳಗೆ ಸೈಕಲ್ಲಿನವನೊಬ್ಬ ಪಂಕ್ಚರ್ ತಿದ್ದುತ್ತಾನೆ. ಭಾಮಾಬಾಯಿ ಹಗ್ಗದ ಮೇಲೆ ಕೌದಿ ಹಾಕುತ್ತಾಳೆ, ಹಾಕುವಾಗ ತನಗೆ ತಾನೇ ಮಾತಾಡುತ್ತಾಳೆ. ಮರದಾಚೆ ಜೈಲಿನ ಗೋಡೆ, ಅದರ ಮೇಲೆ ಸಂಜೆಗೆ ಗಿಳಿಗಳು ಸಾಲಾಗಿ ಕೂರುತ್ತವೆ. ಸಾವಂತ್ರಿ ಇಲ್ಲಿದ್ದ ಒಂದೂವರೆ ವರ್ಷ, ಈ ಕಿಡಕಿ ತೆಗೆಸಿರಿ ಎಂದು ಎಷ್ಟು ಸಲ ಹೇಳಿದ್ದಳು. ದಿನವಿಡೀ ಒಳಗೆ ಕೂರುವವಳು ಅವಳು. ನಾನು ಮುಂದಿನ ತಿಂಗಳು ಎನ್ನುತ್ತಿದ್ದೆ.

ಕಥೆ ಇನ್ನೂ ಒಂದು ಸಾಲೂ ಆಗಿಲ್ಲ.

೧೧ ಮಾರ್ಚ್, ರವಿವಾರ

ಸಾಬವ್ವ ಒಬ್ಬಳೇ ಬಂದಳು, ಕಾಗದದ ಮಂದಿ ಬರುವ ಮೊದಲು. ಎರಡು ರೊಟ್ಟಿ, ಶೇಂಗಾ ಚಟ್ನಿ ತಂದಿದ್ದಳು. ಹೊಸ್ತಿಲ ಹೊರಗೇ ಕೂತು ಹಲಗೆಯ ಕಡೆ ನೋಡಿದಳು.

“ಒಂದ ಮಾತ ಕೇಳಲೇನ್ರಿ, ಯಣ್ಣಾ?”

“ಕೇಳ ತಂಗಿ.”

“ಶೆಡ್ಡಿನ್ಯಾಗ ಎಂಟ ಮಂದಿ ಒಂದ ಬುಟ್ಟಿಗೆ ಕೈ ಹಾಕಿ ಉಣತಾರ. ತಾಟ ಅನ್ನೂದ ಅಲ್ಲಿಲ್ಲ. ಖೋಲೀನೂ ಇಲ್ಲ.”

ನಾನೂ ಹಲಗೆಯ ಕಡೆ ನೋಡಿದೆ.

“ಮಗುಚಿಟ್ಟ ತಾಟ ನಾ ಇಲ್ಲಿ ನೋಡೀನ್ರಿ.”

“ತಪ್ಪಾತು ತಂಗಿ. ನಾನ ಬರದಿದ್ದು. ತಾಯಪ್ಪ ಹೇಳಿದ್ದಲ್ಲ. ಕಾಲ ಬೀಳು ಅಂದ್ರೂ ಬೀಳತೀನಿ.”

“ನನಗ ಊರಾಗ ಗೊತ್ತಿತ್ರಿ” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ಎಂಟ ವರ್ಷ ಬಾಳೇ ಮಾಡೀನಿ. ಹಂಗ ಅನ್ನೂ ಮನಶ್ಯಾ ಅಲ್ಲ ಅಂವ.”

“ಗೊತ್ತಿದ್ದು ಯಾಕ ಬಂದಿ ಮತ್ತ?”

“ಯಾರರೆ ಒಬ್ಬರು ಬಾ ಅಂದಾರಲ್ಲ ಅಂತ ಬಂದೆ.”

ಆಮೇಲೆ ಎದ್ದು ಸೆರಗು ಕೊಡವಿಕೊಳ್ಳುತ್ತ, “ಅಂವಗ ಹೇಳಬ್ಯಾಡ್ರಿ. ತಾನ ಕರದೀನಿ ಅಂತ ನಂಬ್ಯಾನ ಈಗ, ನಾಕ ಮಂದಿ ಮುಂದ ಹೇಳಕೋತ ಅಡ್ಡಾಡತಾನ. ಇರಲಿ. ಆದ್ರ ನೀವು ಯಾರನ್ನ ಕರೀಬೇಕಾಗಿತ್ತೋ ಅವರನ್ನ ಬಿಟ್ಟು ನನ್ನ ಕರದ್ರಿ” ಎಂದಳು.

ಕಾಗದದ ಮಂದಿಗೆ ಇವತ್ತು ಮೈ ಸರಿಯಿಲ್ಲ ಎಂದು ಹೇಳಿ ಕಳಿಸಿದೆ. ಬಾಗಿಲು ಹಾಕಿಕೊಂಡು ಅತ್ತೆ. ಮೂವತ್ತೆಂಟು ವರ್ಷದ ಕತ್ತೆ. ಕೂಸು ಹೋದಾಗಲೂ ಅತ್ತಿರಲಿಲ್ಲ.

೧೪ ಮಾರ್ಚ್

ಮಾಸ್ತರರಿಗೆ ಕಥೆ ಕೊಡಲು ಇವತ್ತೇ ಕಡೆಯ ದಿನ. ಬರೆದಿಲ್ಲ ಎಂದು ಹೇಳಿ ಬಂದೆ. “ಪ್ರಶ್ನಿ ಕೆಲಸಾ ಮಾಡಲಿಲ್ಲೇನು?” ಎಂದರು. ಮಾಡುತ್ತಿವೆ, ಬೇರೆ ಕಡೆ, ಎಂದೆ. ಅವರಿಗೆ ಅರ್ಥವಾಗಲಿಲ್ಲ.

೧೮ ಮಾರ್ಚ್, ರವಿವಾರ

ಸಾವಂತ್ರಿಗೆ ಬರೆಯಲು ಹೋಗಿ ನಿನ್ನೆಯಿಂದ ಮೂರು ಇನ್‌ಲ್ಯಾಂಡ್ ಕೆಟ್ಟವು. ಮೂರರಲ್ಲೂ “ಇಲ್ಲಿ ಎಲ್ಲಾ ಆರಾಮ” ಎಂದು ಬರೆದು ನಿಂತೆ. ತಾಯಪ್ಪನನ್ನು ಕಲ್ಲು ಎಂದಿದ್ದೆನಲ್ಲ.

ಮಧ್ಯಾಹ್ನ ಎಲ್ಲರ ಕಾಗದ ಮುಗಿದ ಮೇಲೆ ಸಾಬವ್ವನನ್ನು ನಿಲ್ಲಿಸಿದೆ. ತಾಯಪ್ಪ ಹೊರಗೆ ಬೀಡಿ ಸೇದುತ್ತಿದ್ದ. “ನಾ ಮಂದೀಗೆ ಕೇಳತೀನಲ್ಲ, ಅವನ್ನ ನನಗ ಕೇಳ ತಂಗಿ. ನನಗ ಬರವೊಲ್ಲದು” ಎಂದೆ.

ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಕಾಲು ಮಡಚಿ ಎದುರು ಕೂತಳು. ಅವಳಿಗೆ ಓದಲು ಬಾರದು, ಆದರೆ ಐದೂ ಪ್ರಶ್ನೆ ನೆನಪಿದ್ದವು. ಅವಳು ಕೇಳಿದಳು, ನಾನು ಹೇಳಿದೆ, ಹೇಳಿದ್ದನ್ನು ನಾನೇ ಬರೆದೆ. ಕಿಡಕಿಯದು ಬರೆದೆ, ಗಿಳಿ ಸಮೇತ. ತಾಟಿನದು ಬರೆದೆ. ಎದ್ದ ಕೂಡಲೇ ನೆನಪಾಗುವುದು ನಳದ ನೀರಲ್ಲ ಎಂದೂ ಬರೆದೆ.

“ಸುಳ್ಳ ಏನ ಹೇಳೀರಿ?”

ಪೆನ್ನಿನ ಟೋಪಿ ಹಾಕಿದೆ, ತೆಗೆದೆ. ಅವಳು ಕಾದಳು.

ಕೂಸು ತೀರಿದ ತಾರು ಬಂದಾಗ ನಾನು ಹೋಗಲಿಲ್ಲ, ಸಾಹೇಬರು ರಜೆ ಕೊಡಲಿಲ್ಲ ಎಂದು ಮಾವನ ಮನೆಗೆ ತಿಳಿಸಿದ್ದೆ. ರಜೆ ಕೊಟ್ಟಿದ್ದರು. ಎಂಟು ದಿನ. ನಾನು ಸೊಲ್ಲಾಪುರದ ಎಸ್‌.ಟಿ. ಹತ್ತಿದ್ದೆ. ಇಂದಾಪುರದಲ್ಲಿ ಚಹಾಕ್ಕೆ ಬಸ್ಸು ನಿಂತಿತು. ಇಳಿದೆ. ಅವಳ ಮುಂದೆ ನಿಂತು ಏನೆಂದು ಬಾಯಿ ತೆರೆಯಲಿ ಎಂದು ಯೋಚಿಸುತ್ತ ಚಹಾ ಕುಡಿದೆ. ಒಂದು ಮಾತೂ ಹೊಳೆಯಲಿಲ್ಲ. ಕಂಡಕ್ಟರ್ ಸೀಟಿ ಹೊಡೆದ, ಎಲ್ಲರೂ ಹತ್ತಿದರು, ನಾನು ಹತ್ತಲಿಲ್ಲ. ಎದುರಿನಿಂದ ಬಂದ ಪುಣೆಯ ಬಸ್ಸು ಹತ್ತಿ ವಾಪಸು ಬಂದು, ಉಳಿದ ಏಳು ದಿನ ಈ ಖೋಲಿಯಲ್ಲಿ ಮಲಗಿದ್ದೆ.

ಇದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ. ಈ ಡೈರಿಯಲ್ಲೂ ಬರೆದಿರಲಿಲ್ಲ. ಸಾಬವ್ವ “ಅಯ್ಯ” ಎಂದಳು, ಅಷ್ಟೇ. “ಹೇಳದ ಬಿಟ್ಟ ಮಾತು?” ಎಂದು ಐದನೆಯದನ್ನೂ ಕೇಳಿಯೇ ಬಿಟ್ಟಳು.

ಅದಕ್ಕೆ ಅರ್ಧ ಸಾಲೂ ಬೇಕಾಗಲಿಲ್ಲ. ನೀ ಬಾ ಎಂದು ಬರೆದೆ.

ಓದಿ ಹೇಳಿದೆ, ಯಾವ ಸಾಲನ್ನೂ ಬಿಡದೆ. “ಹೌದೇನ್ರಿ?” ಎಂದಳು. ಹೌದು ಎಂದೆ. ಅಂಟಿಸಿದೆ.

೨೬ ಮಾರ್ಚ್

ಟಪಾಲಿನವನು ಬಂದ. ನನಗೆ ಏನೂ ಇಲ್ಲ.

೨೯ ಮಾರ್ಚ್

ಯುಗಾದಿ ಮುಗಿಯಿತು. ಭಾಮಾಬಾಯಿ ಈ ಸಲ ಕೇಳಲಿಲ್ಲ. ಕೇಳಿದ್ದರೆ ಏನು ಹೇಳಬೇಕೆಂದು ಯೋಚಿಸಿಟ್ಟಿದ್ದೆ. ಟಪಾಲು ಇಲ್ಲ.

೩ ಎಪ್ರಿಲ್, ಮಂಗಳವಾರ

ಕಾರ್ಡು ಬಂದಿದೆ. ದಪ್ಪ ದಪ್ಪ ಅಕ್ಷರ, ಸಾಲು ಕೆಳಕ್ಕೆ ಇಳಿದಿವೆ, ಅವಳದೇ ಕೈ. ಕ್ಷೇಮವೂ ಇಲ್ಲ, ನಮಸ್ಕಾರವೂ ಇಲ್ಲ. ಬರುತ್ತೇನೆ ಎಂದೂ ಇಲ್ಲ, ಬರುವುದಿಲ್ಲ ಎಂದೂ ಇಲ್ಲ. ಬರೀ ಪ್ರಶ್ನೆ. ಇಲ್ಲಿ ಇಳಿಸಿಕೊಳ್ಳುತ್ತೇನೆ.

“ಗಿಳಿ ಎಷ್ಟು ಇರತಾವ. ನಳದ ನೀರು ಈಗ ಎಷ್ಟೊತ್ತಿಗೆ ಬರತದ. ಇಂದಾಪುರದಾಗ ಇಳಿದ ದಿವಸ ಊಟಾ ಮಾಡಿದ್ರೋ ಇಲ್ಲೋ. ಒಂದ ತಾಟ ಅಂತ ಬರದೀರಿ. ನಾ ಎರಡ ಇಟ್ಟು ಬಂದಿದ್ದೆ. ಇನ್ನೊಂದು ಎಲ್ಲಿ ಹೋತು.”

ನಿಂತಲ್ಲೇ ಓದಿದೆ. ಕೂತು ಓದಿದೆ.

ಇನ್ನೊಂದು ಟ್ರಂಕಿನ ತಳದಲ್ಲಿದೆ. ತಾರು ಬಂದ ವಾರ ಪೇಪರಿನಲ್ಲಿ ಸುತ್ತಿ ಇಟ್ಟಿದ್ದೆ, ಕಣ್ಣಿಗೆ ಬೀಳುವುದು ಬೇಡವೆಂದು. ತೆಗೆದೆ. ಅಂಚಿನಲ್ಲಿ ಅವಳ ಹೆಸರು ಕೊರೆಸಿದ್ದಿದೆ, ಅವಳ ಅಪ್ಪ ಕೊಟ್ಟದ್ದು. ತೊಳೆದು ಎರಡನ್ನೂ ಹಲಗೆಯ ಮೇಲೆ ಮಗುಚಿ ಇಟ್ಟೆ.

ಉತ್ತರ ಬರೆಯಲೆಂದು ಇನ್‌ಲ್ಯಾಂಡ್ ತೆಗೆದೆ. ಸಂಜೆ ಗಿಳಿಗಳನ್ನೂ ಎಣಿಸಿದೆ, ಹದಿನಾಲ್ಕು. ಬರೆಯಲು ಬರುತ್ತಿತ್ತು, ಆದರೆ ಬರೆಯಲಿಲ್ಲ. ನಾಳೆ ಸಾಹೇಬರಿಗೆ ರಜೆ ಕೇಳುತ್ತೇನೆ.

೭ ಎಪ್ರಿಲ್, ಶನಿವಾರ. ಇಂದಾಪುರ

ಬಸ್ಸು ಚಹಾಕ್ಕೆ ನಿಂತಿದೆ. ಅದೇ ಅಂಗಡಿ, ಹೊಸ ತಗಡು ಹಾಕಿಸಿದ್ದಾನೆ. ಚೀಲದಲ್ಲಿ ಸಾಬವ್ವ ಕಟ್ಟಿಕೊಟ್ಟ ರೊಟ್ಟಿ ಇದೆ. ಸಾವಂತ್ರಿಯ ಮುಂದೆ ಏನೆಂದು ಬಾಯಿ ತೆರೆಯಬೇಕೆಂದು ಇವತ್ತೂ ಗೊತ್ತಿಲ್ಲ. ಹದಿನಾಲ್ಕು ಎನ್ನುತ್ತೇನೆ, ಅಲ್ಲಿಂದ ಮುಂದೆ ಅವಳು ಕೇಳಿದ್ದಕ್ಕೆ ಹೇಳುತ್ತ ಹೋಗುತ್ತೇನೆ.

ಕಂಡಕ್ಟರ್ ಸೀಟಿ ಹೊಡೆದ. ಚಹಾ ಅರ್ಧ ಉಳಿದಿದೆ, ಇರಲಿ. ಹತ್ತುತ್ತೇನೆ.